ಹತ್ತು ಸಾಲು ಈರುಳ್ಳಿ ಹೂ

ಸುಗ್ಗಿಯೂಟಕ್ಕೆಂದು ಎರಡು ಕಾರು, ಒಂದು ವ್ಯಾನು ತುಂಬ ಬಂದಿಳಿದವರಲ್ಲಿ ಸುಗ್ಗಿ ಮಾಡಿದವರು ಒಬ್ಬರೂ ಇರಲಿಲ್ಲ. ಮಾಡಿದವಳು ಅಡುಗೆಮನೆಯಲ್ಲಿ ಮಾಂಸದ ದೊಡ್ಡ ಪಾತ್ರೆಯ ಮುಂದೆ ನಿಂತು ಸೌಟು ತಿರುವುತ್ತಿದ್ದಳು.

ಅವಳನ್ನು ಮನೆಯವರೆಲ್ಲ ಗುದ್ದಲಿ ಎಂದು ಕರೆಯುತ್ತಿದ್ದರು. ಇಬ್ಬರು ಅಣ್ಣಂದಿರಿಗೆ ಒಬ್ಬಳೇ ತಂಗಿ. ಚಿಕ್ಕವಳಿದ್ದಾಗ ಅಪ್ಪನ ಹಿಂದೆ ಗುದ್ದಲಿ ಹೊತ್ತು ಹೊಲಕ್ಕೆ ಓಡುತ್ತಿದ್ದಳೆಂದು ಇಟ್ಟ ಹೆಸರು, ವಯಸ್ಸು ಮೂವತ್ತೊಂಬತ್ತಾದರೂ ಬಿಟ್ಟಿರಲಿಲ್ಲ. ಅಣ್ಣಂದಿರು ಅದನ್ನು ಮುದ್ದಿನ ಹೆಸರೆಂದು ತಿಳಿದಿದ್ದರು. ಗುದ್ದಲಿಯನ್ನು ಕೆಲಸ ಮುಗಿದ ಮೇಲೆ ಎಲ್ಲಿ ನಿಲ್ಲಿಸುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು.

ದೊಡ್ಡಣ್ಣ ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದು ನಿವೃತ್ತನಾದವನು. ಒಂದು ಅರ್ಜಿಯನ್ನು ಹದಿನೈದು ದಿನ ಮೇಜಿನ ಮೇಲಿಟ್ಟುಕೊಂಡು, ಒಂದೊಂದು ಅಕ್ಷರವನ್ನೂ ಓದಿ, ಕೊನೆಗೆ ವಾಪಸು ಕಳಿಸುವುದರಲ್ಲಿ ಅವನ ಆಯುಷ್ಯ ಸವೆದಿತ್ತು. ಎರಡನೆಯವನು ಹಲ್ಲಿನ ಡಾಕ್ಟರ್. ಇನ್ನೊಬ್ಬರು ಬಾಯಿ ತೆರೆದುಕೊಂಡಿರುವಾಗ ತಾನೊಬ್ಬನೇ ಮಾತಾಡಿ ಅಭ್ಯಾಸವಾಗಿ, ಎದುರಿನವರಿಗೂ ಹೇಳುವುದೇನಾದರೂ ಇರಬಹುದು ಎಂಬುದನ್ನೇ ಮರೆತಿದ್ದ. ಇಬ್ಬರೂ ವರ್ಷಕ್ಕೊಮ್ಮೆ ಸುಗ್ಗಿಯೂಟಕ್ಕೆ ಬರುತ್ತಿದ್ದರು. ಬಂದು ಮಣ್ಣಿನ ವಾಸನೆಯನ್ನು ಉದ್ದಕ್ಕೆ ಎಳೆದುಕೊಳ್ಳುತ್ತಿದ್ದರು. ಗೊಬ್ಬರದ ಗುಂಡಿಯ ಕಡೆಯಿಂದ ಗಾಳಿ ಬೀಸಿದರೆ ಕಾರಿನ ಗಾಜು ಏರಿಸುತ್ತಿದ್ದರು.

ಈ ಸಲದ ಊಟಕ್ಕೆ ಬೇರೊಂದು ಕಾರಣವೂ ಇತ್ತು. ಅಪ್ಪ ಹೋದ ಮೇಲೆ ಜಮೀನು ಮೂವರ ಹೆಸರಿನಲ್ಲಿತ್ತು. ಮೂವರ ಸಹಿ ಇಲ್ಲದೆ ಏನೂ ಮಾಡುವಂತಿರಲಿಲ್ಲ. ದೊಡ್ಡಣ್ಣ ಅದನ್ನು ಮದುವೆ ಹಾಲ್ ಕಟ್ಟುವವನೊಬ್ಬನಿಗೆ ಮೂವತ್ತು ವರ್ಷದ ಗುತ್ತಿಗೆಗೆ ಕೊಡಲು ಮಾತಾಡಿಕೊಂಡು ಬಂದಿದ್ದ. ಗುದ್ದಲಿ ಆಗುವುದಿಲ್ಲವೆಂದಳು. ತಿಂಗಳುಗಟ್ಟಲೆ ಫೋನಿನಲ್ಲಿ ಜಗ್ಗಾಡಿ ಕೊನೆಗೊಂದು ಒಪ್ಪಂದಕ್ಕೆ ಬಂದಿದ್ದರು. ಬೀಜದ ಕಂಪನಿಯೊಂದು ಅವಳಿಗೆ ಪರೀಕ್ಷೆಗೆಂದು ಹತ್ತು ಸಾಲು ಈರುಳ್ಳಿ ಕೊಟ್ಟಿತ್ತು. ತಿನ್ನುವ ಈರುಳ್ಳಿಯಲ್ಲ, ಹೂ ಬಿಡಲು ಬಿಟ್ಟು ಬೀಜ ತೆಗೆಯುವುದಕ್ಕೆ. ಹೂವಿನ ಹಂತದಲ್ಲಿ ಕಂಪನಿಯ ಇನ್ಸ್‌ಪೆಕ್ಟರ್ ಬಂದು ನೋಡಿ ಪಾಸು ಮಾಡಿದರೆ ಇಡೀ ಜಮೀನಿಗೆ ಐದು ವರ್ಷದ ಕರಾರು. ಆಗ ಅಣ್ಣಂದಿರು ಹಾಲ್‌ನವನ ಮಾತೆತ್ತಬಾರದು. ಫೇಲಾದರೆ ಅವಳು ಹಾಲ್‌ನವನ ಕಾಗದಕ್ಕೆ ಸಹಿ ಹಾಕಬೇಕು.

ಇನ್ಸ್‌ಪೆಕ್ಟರ್ ಬರುವುದು ಹಬ್ಬದ ದಿನವೇ, ಮಧ್ಯಾಹ್ನ.

"ಬೇರೆ ದಿನ ಸಿಗಲಿಲ್ವಾ ಅವನಿಗೆ?" ಎಂದು ದೊಡ್ಡಣ್ಣ ಫೋನಿನಲ್ಲಿ ಗೊಣಗಿದ್ದ.

"ಹೂ ಬಿಟ್ಟಾಗ ಬರ್ತಾರೆ ಅಣ್ಣ. ನಿನ್ನ ಕ್ಯಾಲೆಂಡರ್ ನೋಡ್ಕೊಂಡು ಹೂ ಬಿಡಲ್ಲ."

ಆ ಹತ್ತು ಸಾಲಿಗೆ ಅವಳು ಐದು ತಿಂಗಳು ದುಡಿದಿದ್ದಳು. ಬೇರೆ ಜಾತಿಯ ಈರುಳ್ಳಿ ಹತ್ತಿರದಲ್ಲೆಲ್ಲೂ ಹೂ ಬಿಡಬಾರದು, ಬಿಟ್ಟರೆ ಬೀಜ ಬೆರಕೆ. ಹಾಗಾಗಿ ಸುತ್ತಲಿನ ಮನೆಗಳ ಹಿತ್ತಿಲಿಗೆಲ್ಲ ಹೋಗಿ, ಕೈಮುಗಿದು, ಬೈಸಿಕೊಂಡು, ಅವರ ಈರುಳ್ಳಿಯಲ್ಲಿ ಎದ್ದ ಮೊಗ್ಗನ್ನೆಲ್ಲ ತಾನೇ ಮುರಿದು ಬಂದಿದ್ದಳು. ಜೇನು ಸಾಕುವವನಿಂದ ಎರಡು ಪೆಟ್ಟಿಗೆ ತಂದು ಬದುವಿನ ಮೇಲೆ ಇಟ್ಟಿದ್ದಳು. ಈಗ ಸೊಂಟದೆತ್ತರದ ಹಸಿರು ಕೊಳವೆಗಳ ತುದಿಯಲ್ಲಿ ಮುಷ್ಟಿಗಾತ್ರದ ಬಿಳಿ ಹೂಗುಂಡುಗಳು ನಿಂತಿದ್ದವು. ಬೆಳಗ್ಗೆ ಒಂದು ಸುತ್ತು ಹೋಗಿ ನೋಡಿಕೊಂಡು ಬಂದೇ ಒಲೆ ಹಚ್ಚಿದ್ದಳು.

ಹತ್ತು ಗಂಟೆಗೆ ಕಾರುಗಳು ಬಂದವು. ಅತ್ತಿಗೆ, ಅಂದರೆ ದೊಡ್ಡಣ್ಣನ ಹೆಂಡತಿ, ಪೇಟೆಯ ಅಂಗಡಿಯಿಂದ ಒಂದು ಕಟ್ಟು ಗೋಧಿ ತೆನೆ ಕೊಂಡು ತಂದಿದ್ದಳು. ಅದಕ್ಕೆ ಚಿನ್ನದ ಬಣ್ಣ ಬಳಿದಿತ್ತು. ಮನೆಯ ಹಿಂದೆ ಗೋಧಿ ಬೆಳೆದವಳ ಕೈಗೆ ಅದನ್ನು ಕೊಟ್ಟು, "ಹುಷಾರು ಗುದ್ದಲಿ, ಉದುರುತ್ತೆ. ಇವತ್ತಿನ ಮುಖ್ಯವಾದ ಐಟಂ ಇದು" ಎಂದಳು. ಗುದ್ದಲಿ ಅದನ್ನು ಒಯ್ದು ಸೌದೆಯ ಪಕ್ಕ ಇಟ್ಟಳು.

ಅಷ್ಟರಲ್ಲಿ ಹಲ್ಲಿನ ಡಾಕ್ಟರ್ ತಲೆಗೆ ಬಟ್ಟೆ ಸುತ್ತಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದ.

"ಕುಡುಗೋಲು ಎಲ್ಲಿದೆ? ಕೊಯ್ಲಿನ ವಿಡಿಯೋ ಮಾಡ್ಬೇಕು. ಆಸ್ಪತ್ರೆ ಪೇಜಿಗೆ ಹಾಕ್ತೀನಿ. ಬೇರು ಮರೀದ ಡಾಕ್ಟರ್ ಅಂತ."

"ಗೋಧಿ ಯಂತ್ರದಲ್ಲಿ ಕೊಯ್ದಾಗಿದೆ. ಹತ್ತು ದಿನ ಆಯ್ತು."

"ಒಂಚೂರೂ ಉಳಿಸಿಲ್ವಾ? ನಾವು ಬರ್ತೀವಿ ಅಂತ ಗೊತ್ತಿತ್ತಲ್ಲ?"

ಈ ಮನುಷ್ಯ ಅವಳ ಒಡಹುಟ್ಟಿದವನು, ಹದಿನೆಂಟು ವರ್ಷ ಇದೇ ಹೊಲದ ಗೋಧಿ ತಿಂದು ಬೆಳೆದವನು. ಕುಡುಗೋಲು ಗೋಡೆಯ ಮೊಳೆಗೆ ನೇತುಬಿದ್ದಿತ್ತು. ಗದ್ದ ಎತ್ತಿ ಆ ಕಡೆ ತೋರಿಸಿದಳು.

ಸ್ವಲ್ಪ ಹೊತ್ತಿಗೆ ದೊಡ್ಡಣ್ಣನ ಮಗಳು ಬಂದಳು. ಹತ್ತೊಂಬತ್ತರ ಹುಡುಗಿ, ಕೈಯಲ್ಲಿ ಫೋನು. "ಅತ್ತೆ, ನಡುಮನೆ ಸಿಂಗಾರ ಮಾಡ್ಬೇಕು. ಹಿಂದುಗಡೆ ಇರೋ ಹೂ ಕೊಯ್ಕೊಳ್ಳಬಹುದಾ?"

ಗುದ್ದಲಿ ಬೆನ್ನು ತಿರುಗಿಸಲಿಲ್ಲ. ಪ್ರತಿವರ್ಷ ಇವರ ಕಾಟ ತಪ್ಪಲೆಂದೇ ಅವಳು ಹಿಂದಿನ ಬೇಲಿಯ ಉದ್ದಕ್ಕೂ ಹಳದಿ ಹೂವಿನ ಗಿಡ ಹಾಕಿದ್ದಳು. ಅದನ್ನು ವಿವರಿಸಿ ಹೇಳುವಷ್ಟು ಮರ್ಯಾದೆಯನ್ನೂ ಆ ಗುಂಪಿಗೆ ಕೊಡಲು ಅವಳಿಗೆ ಮನಸ್ಸಿರಲಿಲ್ಲ.

"ಬೇಕಾದಷ್ಟಿದೆ. ಕೊಯ್ಕೊಳ್ಳಿ ಹೋಗಿ."

ಆಮೇಲೆ ಒಂದೂವರೆ ಗಂಟೆ ಮನೆ ತಣ್ಣಗಿತ್ತು. ಎಲ್ಲರೂ ಹೊರಗಿದ್ದರು. ಅವಳು ರೊಟ್ಟಿ ಸುಟ್ಟಳು, ತರಕಾರಿ ಬೇಯಿಸಿದಳು, ಇಪ್ಪತ್ತಾರು ತಟ್ಟೆ ತೊಳೆದು ಒರೆಸಿದಳು. ದೂರದಿಂದ ನಗು, ಚಪ್ಪಾಳೆ ಕೇಳುತ್ತಿತ್ತು. ನಗಲಿ, ಅಷ್ಟು ಹೊತ್ತಾದರೂ ಉಪ್ಪು ಕಡಿಮೆ, ಖಾರ ಜಾಸ್ತಿ ಎನ್ನಲು ಯಾರೂ ಒಳಗೆ ಬರುವುದಿಲ್ಲ ಎಂದುಕೊಂಡಳು.

ಮಾಂಸದ ಪಾತ್ರೆ ಎತ್ತಿಕೊಂಡು ನಡುಮನೆಯ ಹೊಸ್ತಿಲು ದಾಟಿದಾಗ ಮೊದಲು ಮೂಗಿಗೆ ಬಡಿಯಿತು. ಹಸಿ ಈರುಳ್ಳಿಯ ಘಾಟು. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಹಿರಿಯತ್ತೆ, ಅವರ ಅಪ್ಪನ ಅಕ್ಕ, ಎಂಬತ್ತು ದಾಟಿದ ಮುದುಕಿ, ಕಣ್ಣೊರೆಸಿಕೊಳ್ಳುತ್ತ ಕೂಗುತ್ತಿದ್ದಳು: "ಯಾರೇ ಅದು ಈರುಳ್ಳಿ ಹೆಚ್ತಾ ಇರೋದು? ನನ್ನ ಕಣ್ಣು ಹೋಯ್ತು!"

"ಅಡುಗೆಮನೆ ವಾಸನೆ ಅತ್ತೆ. ಆ ಬಾಗಿಲು ಮುಚ್ಚೇ ಗುದ್ದಲಿ" ಎಂದಳು ಅತ್ತಿಗೆ.

ಗುದ್ದಲಿ ತಲೆ ಎತ್ತಿ ನೋಡಿದಳು. ಗೋಡೆಯ ನಾಲ್ಕೂ ಕಡೆ, ಕಿಟಕಿಯ ಸರಳಿಗೆ, ಅಪ್ಪನ ಫೋಟೋದ ಸುತ್ತ, ಊಟದ ಮೇಜಿನ ಉದ್ದಕ್ಕೂ ಬಿಳಿ ಹೂಗುಂಡುಗಳು. ಹೆಂಗಸರ ಮುಡಿಯಲ್ಲಿ ಒಂದೊಂದು, ಗಂಡಸರ ಅಂಗಿಯ ಜೇಬಿನಲ್ಲಿ ಒಂದೊಂದು. ಬಾಗಿಲ ಬಳಿ ಇನ್ನೂ ಬಳಸದ ರಾಶಿ ಎದೆಯೆತ್ತರಕ್ಕೆ ಬಿದ್ದಿತ್ತು. ಅದರ ಮೇಲೆ ಅವಳ ಜೇನುಹುಳಗಳು ದಾರಿ ತಪ್ಪಿದ ನೆಂಟರಂತೆ ಸುತ್ತುತ್ತಿದ್ದವು.

ಪಾತ್ರೆಯನ್ನು ನಿಧಾನಕ್ಕೆ ನೆಲಕ್ಕಿಳಿಸಿದಳು. ಕೈ ಸುಟ್ಟಿತ್ತು, ಅದು ಗೊತ್ತಾಗಿದ್ದು ಆಮೇಲೆ.

"ಎಷ್ಟು ಸಾಲು ಕೊಯ್ದಿರಿ?"

"ಚೆನ್ನಾಗಿದೆ ಅಲ್ವಾ?" ಎಂದಳು ಅತ್ತಿಗೆ. "ಪೇಟೆಯಲ್ಲಿ ದೊಡ್ಡ ಹೋಟೆಲ್‌ಗಳಲ್ಲಿ ಇಡ್ತಾರೆ ಈ ಹೂವನ್ನ. ನೀನು ಇಂಥದ್ದೆಲ್ಲ ಬೆಳೀತೀಯ ಅಂತ ಹೇಳೇ ಇಲ್ಲ ನೋಡು."

"ಅತ್ತಿಗೆ, ಎಷ್ಟು ಸಾಲು?"

"ಎಲ್ಲ ಕೊಯ್ದೆ" ಎಂದ ಹಲ್ಲಿನ ಡಾಕ್ಟರ್ ಹೆಮ್ಮೆಯಿಂದ. "ಎಂಟು ಸಾಲು! ಕುಡುಗೋಲು ಹಿಡಿದು ಮೂವತ್ತು ವರ್ಷ ಆಗಿತ್ತು, ಆದ್ರೂ ಕೈ ಮರೆತಿಲ್ಲ. ಕೊನೆ ಎರಡರಲ್ಲಿ ನೀರು ನಿಂತಿತ್ತು, ಶೂ ಕೆಸರಾಗ್ತಿತ್ತು, ಬಿಟ್ಟೆ."

"ಅದು ಈರುಳ್ಳಿ ಹೂ. ಕಂಪನಿಯ ಬೀಜದ ಬೆಳೆ. ಈಗ ಬರ್ತಾನೆ ಇನ್ಸ್‌ಪೆಕ್ಟರ್."

ಹಿರಿಯತ್ತೆ ಒಬ್ಬಳೇ, "ನಾನು ಹೇಳ್ಲಿಲ್ವಾ, ಈರುಳ್ಳಿ ಅಂತ" ಎಂದು ಗೆದ್ದವಳಂತೆ ಸುತ್ತ ನೋಡಿದಳು.

ದೊಡ್ಡಣ್ಣನ ಮುಖವನ್ನು ಗುದ್ದಲಿ ಕಣ್ಣಿಟ್ಟು ನೋಡಿದಳು. ಅಲ್ಲಿ ಕಳ್ಳತನ ಇರಲಿಲ್ಲ, ಬರೀ ಪೆಚ್ಚು ಇತ್ತು. ಬೇಕೆಂದೇ ಮಾಡಿದ್ದರೆ ಅವನಿಗೆ ಒಂದಿಷ್ಟು ಮರ್ಯಾದೆಯನ್ನಾದರೂ ಕೊಡಬಹುದಿತ್ತು. ಬೇಕೆಂದು ಮಾಡಲು ಈರುಳ್ಳಿ ಹೂ ಯಾವುದೆಂದು ಗೊತ್ತಿರಬೇಕಲ್ಲ. ಸುಗ್ಗಿಯ ಮಹತ್ವದ ಬಗ್ಗೆ ನಾಲ್ಕು ಪುಟದ ಭಾಷಣ ಬರೆದು ಜೇಬಿನಲ್ಲಿಟ್ಟುಕೊಂಡು ಬಂದವನಿಗೆ ಬೀಜ ಎಲ್ಲಿಂದ ಬರುತ್ತದೆಂದು ಗೊತ್ತಿರಲಿಲ್ಲ. ಆ ಭಾಷಣದ ಜೇಬಿನ ಅಂಚಿನಲ್ಲೇ ಅವಳ ಒಂದು ಹೂ ಇಣುಕುತ್ತಿತ್ತು.

"ನೀನೇ ಕೊಯ್ಕೊಳ್ಳಿ ಅಂದ್ಯಂತಲ್ಲ" ಎಂದಳು ಅತ್ತಿಗೆ. "ನಮ್ಮ ಮೇಲೆ ಯಾಕೆ ಹಾರಾಡ್ತೀಯ? ಕೇಳದೆ ಮುಟ್ಟಿಲ್ಲ ನಾವು."

ಹುಡುಗಿ ನೆಲ ನೋಡುತ್ತಿದ್ದಳು. ಗುದ್ದಲಿ ಹಾಗೆ ಹೇಳಿದ್ದು ನಿಜ. ತಿರುಗಿ ಒಂದು ಸಲ ಬೇಲಿಯ ಕಡೆ ಕೈ ತೋರಿಸಿದ್ದರೆ ಮುಗಿಯುತ್ತಿತ್ತು. ಇವರ ಮುಖ ನೋಡುವುದೂ ಬೇಡವೆನ್ನುವ ಅಹಂಕಾರ ಅವಳದೂ ಆಗಿತ್ತು. ಎಷ್ಟಾದರೂ ಅದೇ ಮನೆಯ ರಕ್ತ.

ಬೈಕ್ ಬಂದು ನಿಂತಿತು. ಬಿಸಿಲಿಗೆ ಕಪ್ಪಿಟ್ಟ, ಐವತ್ತರ ಆಸುಪಾಸಿನ ಇನ್ಸ್‌ಪೆಕ್ಟರ್ ಹೆಲ್ಮೆಟ್ ತೆಗೆದು ಒಳಗೆ ಹೆಜ್ಜೆಯಿಟ್ಟವನು ಅಲ್ಲೇ ನಿಂತ. ಗೋಡೆ ನೋಡಿದ, ಮೇಜು ನೋಡಿದ, ದೊಡ್ಡಣ್ಣನ ಜೇಬು ನೋಡಿದ.

"ಇದು ನಮ್ಮ ತಳಿ" ಎಂದ.

ಗುದ್ದಲಿ ಅವನನ್ನು ಹಿತ್ತಿಲ ಬಾಗಿಲಿನಿಂದ ಹೊಲಕ್ಕೆ ಕರೆದೊಯ್ದಳು. ಎಂಟು ಸಾಲು ಬೋಳು. ಕತ್ತರಿಸಿದ ಕೊಳವೆಗಳ ಬಾಯಲ್ಲಿ ಇನ್ನೂ ರಸ ಜಿನುಗುತ್ತಿತ್ತು. ಆಚೆ ತುದಿಯ ಕೆಸರಿನಲ್ಲಿ ಎರಡು ಸಾಲು ಮಾತ್ರ ನಿಂತಿತ್ತು. ಇನ್ಸ್‌ಪೆಕ್ಟರ್ ಆ ಎರಡರ ಉದ್ದಕ್ಕೂ ನಡೆದ, ಒಂದೆರಡು ಹೂವನ್ನು ಭೂತಗನ್ನಡಿ ಹಿಡಿದು ನೋಡಿದ, ಬರೆದುಕೊಂಡ.

"ಇವತ್ತು ಇದು ನಂಗೆ ಆರನೇ ಹೊಲ" ಎಂದ ಕೊನೆಗೆ. "ಒಂದು ಕಡೆ ಆಡು ನುಗ್ಗಿತ್ತು, ಇನ್ನೊಂದು ಕಡೆ ಹಂದಿ. ನೆಂಟರು ಇದೇ ಮೊದಲು."

ಅವಳಿಗೆ ನಗು ಬರಲಿಲ್ಲ. "ಉಳಿದಿದ್ದು ಹೇಗಿದೆ ಸರ್?"

"ತುಂಬ ಚೆನ್ನಾಗಿದೆಯಮ್ಮ. ಹತ್ತೂ ಇದ್ದಿದ್ರೆ ಕಣ್ಣು ಮುಚ್ಚಿ ಪಾಸು ಮಾಡ್ತಿದ್ದೆ. ಎರಡು ಸಾಲಿಗೆ ಮಾಡೋಕಾಗಲ್ಲ."

ಮನೆಗೆ ವಾಪಸು ಬಂದವನೇ ಅವನು ಇನ್ನೊಂದು ನಿಯಮ ತೆಗೆದ. ಪರೀಕ್ಷೆಯ ಬೆಳೆಯ ಒಂದು ಹೂವೂ ಹೊರಗೆ ಹೋಗುವಂತಿಲ್ಲ, ಎಲ್ಲವನ್ನೂ ಅವನ ಕಣ್ಣೆದುರೇ ಸುಡಬೇಕು. ಮುಂದಿನ ಅರ್ಧ ಗಂಟೆ ನೋಡುವಂತಿತ್ತು. ಹೊಸ ಬಟ್ಟೆ ತೊಟ್ಟ ಇಪ್ಪತ್ತೈದು ಮಂದಿ ಸಾಲಾಗಿ ಅಂಗಳಕ್ಕೆ ಬಂದು, ಮುಡಿಯಿಂದ, ಜೇಬಿನಿಂದ ಹೂ ಕಿತ್ತು ಗೋಣಿಚೀಲಕ್ಕೆ ಹಾಕಿದರು. ಅತ್ತಿಗೆಯ ಮುಡಿಯಲ್ಲಿ ಪಿನ್ನು ಸಿಕ್ಕಿಕೊಂಡು ಇಬ್ಬರು ಹಿಡಿದೆಳೆಯಬೇಕಾಯಿತು. ಡಾಕ್ಟರ್ ಸ್ಟೂಲ್ ಹತ್ತಿ ಗೋಡೆಯ ಹೂ ಬಿಚ್ಚುವಾಗ ಹಣೆಗೊಂದು ಜೇನುಹುಳ ಕಚ್ಚಿ, ಹುಬ್ಬು ಊದಿಕೊಂಡು ಒಂದು ಕಣ್ಣು ಮುಚ್ಚಿತು. ವಿಡಿಯೋವನ್ನು ಅವನೇ ಡಿಲೀಟ್ ಮಾಡಿದ.

ಚೀಲಕ್ಕೆ ಅಂಗಳದಲ್ಲೇ ಬೆಂಕಿ ಹಚ್ಚಿಸಿ, ಕೊನೆಗೆ ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಫಾರಂ ಹರಡಿ ಕೂತ.

"ಹಾನಿಗೆ ಕಾರಣ ಬರೀಬೇಕು. ನಾಲ್ಕೇ ಇರೋದು. ಗಾಳಿಮಳೆ, ರೋಗ, ಪ್ರಾಣಿ, ಬೆಳೆಗಾರರ ತಪ್ಪು. ಜಮೀನಿನವರು ಏನು ಹೇಳ್ತಾರೋ ಅದನ್ನೇ ಬರೀತೀನಿ. ಬೆಳೆಗಾರರದೊಂದು ಸಹಿ, ಇನ್ನೊಬ್ಬ ಪಾಲುದಾರರದೊಂದು ಸಹಿ."

ಆ ಫಾರಮ್ಮನ್ನು ಗುದ್ದಲಿ ಐದು ತಿಂಗಳಲ್ಲಿ ಇಪ್ಪತ್ತು ಸಲ ಓದಿದ್ದಳು. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸೂಚನೆ ಇತ್ತು. ಬೆಳೆಗಾರರ ತಪ್ಪಾದರೆ ಪರೀಕ್ಷೆ ಫೇಲು, ಹೆಸರು ಪಟ್ಟಿಯಿಂದ ಹೊರಗೆ. ಗಾಳಿಮಳೆಯಾದರೆ ಫಲಿತಾಂಶ ಹೇಳುವುದಿಲ್ಲ. ಉಳಿದ ಸಾಲನ್ನು ಕಾಪಾಡಿದರೆ ಮುಂದಿನ ವರ್ಷ ಅದೇ ಜಮೀನಿನಲ್ಲಿ ಮತ್ತೆ ಪರೀಕ್ಷೆ. ಆದರೆ ಹೊರಗೆ ಎಲೆ ಅಲುಗುತ್ತಿರಲಿಲ್ಲ. ಗಾಳಿ ಎಂದು ಅವಳು ಬರೆಸಿದರೆ ದೊಡ್ಡಣ್ಣ ಒಪ್ಪಬೇಕಲ್ಲ? ಒಪ್ಪದೆ, ತಂಗಿಯೇ ಕೊಯ್ಯಲು ಹೇಳಿದಳು ಎಂದರೆ ಇವತ್ತೇ ಅವನ ಹಾಲ್ ಎದ್ದ ಹಾಗೆ. ಅವಳು ಬಾಯಿ ಬಿಡಲಿಲ್ಲ.

ಬಂದವರಲ್ಲಿ ಅತ್ತಿಗೆಯ ತವರಿನವರಿದ್ದರು, ಡಾಕ್ಟರ್‌ನ ಸ್ನೇಹಿತರಿದ್ದರು. ಎಲ್ಲರೂ ದೊಡ್ಡಣ್ಣನನ್ನೇ ನೋಡುತ್ತಿದ್ದರು. ಅವರಲ್ಲೊಬ್ಬ ಇನ್ನೊಬ್ಬನ ಕಿವಿಯಲ್ಲಿ ಏನೋ ಹೇಳಿ ಇಬ್ಬರೂ ಮುಸಿಮುಸಿ ನಕ್ಕರು. ಆ ನಗು ದೊಡ್ಡಣ್ಣನಿಗೆ ಎಲ್ಲಿ ಚುಚ್ಚಬೇಕೋ ಅಲ್ಲಿ ಚುಚ್ಚಿತು.

"ನಮ್ಮ ಮನೆತನದಲ್ಲಿ ಬೆಳೆಗಾರರ ತಪ್ಪು ಅನ್ನೋ ಮಾತೇ ಬರಬಾರದು" ಎಂದ ಕಚೇರಿಯ ದನಿ ಎಳೆದು. "ನಾವು ನಾಲ್ಕು ತಲೆಮಾರಿನಿಂದ ಮಣ್ಣಿನ ಮಕ್ಕಳು. ಗಾಳಿ ಅಂತ ಬರೀರಿ."

ಇನ್ಸ್‌ಪೆಕ್ಟರ್ ಪೆನ್ನು ಎತ್ತಿ ಅವನ ಮುಖ ನೋಡಿದ. "ಗಾಳಿ?"

"ಬಿರುಗಾಳಿ ಅಂತಾನೇ ಬರೀರಿ."

"ಕೆಳಗಿರೋ ಸೂಚನೆ ಓದಿ ಸಹಿ ಹಾಕಿ ಸರ್."

"ಇಂಥ ಫಾರಂ ನಾನು ಎಷ್ಟು ನೋಡಿಲ್ಲ. ಕೊಡಿ ಇಲ್ಲಿ. ಊಟ ಆರ್ತಾ ಇದೆ."

ಸರ್ಕಾರಿ ಕಚೇರಿಯಲ್ಲಿ ಮೂವತ್ತೈದು ವರ್ಷ ಓದದೆ ಒಂದು ಕಾಗದಕ್ಕೂ ಕೈ ಹಚ್ಚದವನು, ನಾಲ್ಕು ಜನ ನಗುತ್ತಾರೆಂದು ಓದದೆ ಸಹಿ ಹಾಕಿದ. ಪೂರ್ತಿ ಹೆಸರು, ಕೆಳಗೆ ಎರಡು ಗೆರೆ, ತಾರೀಖು. ಗುದ್ದಲಿ ಅದರ ಪಕ್ಕ ತನ್ನ ಹೆಸರು ಬರೆದಳು. ಸುಳ್ಳಿಗೆ ಸಹಿ ಹಾಕುತ್ತಿದ್ದೇನೆಂದು ಗೊತ್ತಿತ್ತು. ಇವರ ಜೊತೆ ಒಂದು ದಿನ ಕಳೆದರೆ ಮೈಗೆ ಇಷ್ಟಾದರೂ ಅಂಟುತ್ತದೆ ಎನಿಸಿತು.

ಇನ್ಸ್‌ಪೆಕ್ಟರ್ ಒಂದು ಪ್ರತಿಯನ್ನು ಅವಳ ಕೈಗೆ ಕೊಟ್ಟು, ಊಟಕ್ಕೆ ನಿಲ್ಲದೆ ಹೊರಟುಹೋದ.

ಎಲ್ಲರೂ ಕೂತು ತಿಂದರು. ಮನೆಯ ತುಂಬ ಈರುಳ್ಳಿಯ ಘಾಟು ಉಳಿದಿತ್ತು. ಕಣ್ಣಲ್ಲಿ ನೀರು ಸುರಿಸಿಕೊಂಡೇ ಮೂರು ಮೂರು ಸಲ ಬಡಿಸಿಕೊಂಡರು. ದೊಡ್ಡಣ್ಣ ಬೇಲಿಯ ಹಳದಿ ಹೂವೊಂದನ್ನು ಜೇಬಿಗೆ ಸಿಕ್ಕಿಸಿಕೊಂಡು ಭಾಷಣದ ನಾಲ್ಕೂ ಪುಟ ಓದಿದ. ಭೂಮಿ ನಮ್ಮನ್ನು ಮರೆಯುವುದಿಲ್ಲ ಎಂಬ ಸಾಲು ಅದರಲ್ಲಿ ಎರಡು ಸಲ ಬಂತು. ಚಪ್ಪಾಳೆ ಮುಗಿದ ಮೇಲೆ ಅದೇ ಜೇಬಿನಿಂದ ಇನ್ನೊಂದು ಕಾಗದ ತೆಗೆದು, ಎಂಜಲು ತಟ್ಟೆ ಎತ್ತುತ್ತಿದ್ದ ತಂಗಿಯ ಮುಂದೆ ಹಿಡಿದ.

"ಬೇಜಾರು ಮಾಡ್ಕೋಬೇಡ ಗುದ್ದಲಿ. ನಿನ್ನ ಪ್ರಯತ್ನ ನೀನು ಮಾಡಿದೆ. ಬೆಳೆ ಪಾಸಾಗಲಿಲ್ಲ. ಮಾತು ಮಾತೇ ಅಲ್ವಾ? ಇಲ್ಲಿ ಹಾಕು ಸಹಿ."

ಅವಳು ತಟ್ಟೆ ಕೆಳಗಿಟ್ಟಳು. ಕೈ ಒರೆಸಿಕೊಂಡು ಸೊಂಟದಿಂದ ಫಾರಮ್ಮಿನ ಪ್ರತಿ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು.

"ಪಾಸಾಗಲಿಲ್ಲ. ಫೇಲೂ ಆಗಲಿಲ್ಲ. ಓದಣ್ಣ, ಕೆಳಗಡೆ."

ಅವನು ಕನ್ನಡಕ ಏರಿಸಿದ. ಈ ಸಲ ಒಂದೊಂದು ಅಕ್ಷರವನ್ನೂ ಓದಿದ. ಓದುತ್ತ ಓದುತ್ತ ಕಿವಿಯವರೆಗೂ ಕೆಂಪಾದ.

"ಇದು ಮೋಸ. ಎಲ್ಲಿತ್ತು ಗಾಳಿ?"

"ನೀನೇ ಬರೆಸಿದ್ದು. ಬಿರುಗಾಳಿ ಅಂತ."

"ನಿಂಗೆ ಗೊತ್ತಿತ್ತಾ ಇದು?"

"ಗೊತ್ತಿತ್ತು."

"ಹೇಳೋಕಾಗಲಿಲ್ವಾ? ಒಡಹುಟ್ಟಿದವನಿಗೆ?"

"ಇನ್ಸ್‌ಪೆಕ್ಟರ್ ಹೇಳಿದ್ರಲ್ಲ, ಓದು ಅಂತ. ಈಗ ಬೇಕಾದ್ರೆ ಕಂಪನಿಗೆ ಬರಿ. ಗಾಳಿ ಅಲ್ಲ, ನಮ್ಮ ಮನೆ ಡಾಕ್ಟರ್ ಕುಡುಗೋಲು ಹಿಡಿದು ವಿಡಿಯೋ ಮಾಡಿಸ್ಕೊಂಡ, ನಾನು ಜೇಬಿಗೆ ಹೂ ಸಿಕ್ಕಿಸ್ಕೊಂಡು ಸುಳ್ಳು ಸಹಿ ಹಾಕಿದೆ ಅಂತ. ನಾನೂ ಸಾಕ್ಷಿ ಹೇಳ್ತೀನಿ. ಕೊಯ್ಕೊಳ್ಳಿ ಅಂದಿದ್ದು ನಾನು ಅಂತಾನೂ ಹೇಳ್ತೀನಿ."

ದೊಡ್ಡಣ್ಣ ಅತ್ತಿತ್ತ ನೋಡಿದ. ಹೆಂಡತಿಯ ತವರಿನವರು ಹಣ್ಣು ತಿನ್ನುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಅವನು ಬರೆಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಜಮೀನನ್ನು ಬೇಕಾದರೆ ಬಿಟ್ಟಾನು, ಜನರೆದುರು ಪೆದ್ದನಾಗುವವನಲ್ಲ. ಹಾಲ್‌ನವನ ಕಾಗದವನ್ನು ನಾಲ್ಕಾಗಿ ಮಡಿಸಿ ಒಳಗೆ ತುರುಕಿಕೊಂಡ.

"ಒಂದು ವರ್ಷ" ಎಂದ ಹಲ್ಲು ಕಚ್ಚಿ. "ಮುಂದಿನ ಹಬ್ಬಕ್ಕೆ ನೋಡ್ತೀನಿ ನಿನ್ನ."

"ಮುಂದಿನ ಹಬ್ಬ ನಿಮ್ಮ ಮನೇಲೇ ಮಾಡ್ಕೊಳ್ಳಿ. ಇಲ್ಲಿ ಅಡುಗೆ ಮಾಡೋರು ಯಾರೂ ಇಲ್ಲ."

"ಅಯ್ಯೋ, ಹಾಗಾದ್ರೆ ಊಟಕ್ಕೆ?" ಎಂದಳು ಹಿರಿಯತ್ತೆ. ಮನೆಯವರಲ್ಲಿ ಅಷ್ಟು ಹೊತ್ತಿನಿಂದ ಒಂದು ನಿಜವಾದ ಚಿಂತೆ ವ್ಯಕ್ತಪಡಿಸಿದವಳು ಅವಳೊಬ್ಬಳೇ.

ಗುದ್ದಲಿ ಎಂಜಲು ತಟ್ಟೆಗಳನ್ನು ಇದ್ದಲ್ಲೇ ಬಿಟ್ಟು, ತನಗೊಂದು ತಟ್ಟೆಯಲ್ಲಿ ರೊಟ್ಟಿ, ತಳದಲ್ಲುಳಿದ ಮಾಂಸ ಹಾಕಿಕೊಂಡು ಹೊಲದ ಬದುವಿನ ಮೇಲೆ ಹೋಗಿ ಕೂತಳು. ಆರಿಹೋಗಿದ್ದರೂ ಚೆನ್ನಾಗಿತ್ತು. ಉಪ್ಪು ಸರಿಯಾಗೇ ಇತ್ತು. ತಿಂದು ಕೈ ತೊಳೆದು, ಉಳಿದ ಎರಡು ಸಾಲಿನ ಸುತ್ತ ಗೂಟ ಬಡಿಯಲು ಶುರುಮಾಡಿದಳು. ಮೂರನೆಯ ಗೂಟಕ್ಕೆ ದೊಡ್ಡಣ್ಣನ ಮಗಳು ಬಂದು ಕೆಸರಿನ ಅಂಚಿನಲ್ಲಿ ನಿಂತಳು.

"ಅತ್ತೆ, ನಾನೇನಾದ್ರೂ ಮಾಡ್ಲಾ?"

ಗುದ್ದಲಿ ಈ ಸಲ ಪೂರ್ತಿ ತಿರುಗಿ, ಅವಳ ಮುಖ ನೋಡಿ, ಹೂವನ್ನೂ ಹಗ್ಗವನ್ನೂ ಬೇರೆ ಬೇರೆಯಾಗಿ ಬೆರಳಿಟ್ಟು ತೋರಿಸಿದಳು.

"ಇದು ಬೀಜದ ಬೆಳೆ. ಮುಟ್ಟಬೇಡ. ಅದು ಹಗ್ಗ. ಅದನ್ನ ಹಿಡ್ಕೊ."